ಪಕ್ಕಕ್ಕೆ ಸರಿಸಿದರೂ ಅದೇ, ಮೇಲಕ್ಕೆ ಎಳೆದರೂ ಅದೇ: ಘಾತೀಯ ಫಲನದ ನಕ್ಷೆಯನ್ನು ಓದುವ ಬಗೆ

ಹತ್ತು ಸಾವಿರ ರೂಪಾಯಿ ಕೈಸಾಲ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಸರಳ ಬಡ್ಡಿಯಾದರೆ ತಿಂಗಳಿಗೆ ಮುನ್ನೂರರಂತೆ ವರ್ಷದ ಕೊನೆಗೆ ಅಸಲೂ ಬಡ್ಡಿಯೂ ಸೇರಿ 13,600. ತೀರಿಸದ ಬಡ್ಡಿಯನ್ನು ಪ್ರತಿ ತಿಂಗಳೂ ಅಸಲಿಗೆ ಸೇರಿಸುತ್ತಾ ಹೋಗುವ ಚಕ್ರಬಡ್ಡಿಯಾದರೆ 14,258. ವ್ಯತ್ಯಾಸ ಏಳುನೂರು ರೂಪಾಯಿಯೂ ಇಲ್ಲ. ‘ಎರಡೂ ಹೆಚ್ಚುಕಡಿಮೆ ಒಂದೇ ಬಿಡಿ’ ಎನ್ನುವವರು ತೋರಿಸುವುದು ಈ ಮೊದಲ ವರ್ಷದ ಲೆಕ್ಕವನ್ನೇ. ಐದು ವರ್ಷ ಕಳೆಯಲಿ: ಸರಳ ಬಡ್ಡಿಯಲ್ಲಿ 28,000, ಚಕ್ರಬಡ್ಡಿಯಲ್ಲಿ 58,916. ಹತ್ತು ವರ್ಷವಾಗುವ ಹೊತ್ತಿಗೆ ಒಂದು 46,000ದಲ್ಲಿರುತ್ತದೆ, ಇನ್ನೊಂದು 3,47,000 ದಾಟಿರುತ್ತದೆ.

ಎರಡರ ನಡುವೆ ಇರುವ ಭೇದ ಇಷ್ಟೇ. ಸರಳ ಬಡ್ಡಿ ಪ್ರತಿ ತಿಂಗಳೂ ಅದೇ ಮೊತ್ತವನ್ನು ಕೂಡುತ್ತದೆ. ಚಕ್ರಬಡ್ಡಿ ಪ್ರತಿ ತಿಂಗಳೂ ಅದೇ ಸಂಖ್ಯೆಯಿಂದ, ಅಂದರೆ 1.03ರಿಂದ, ಗುಣಿಸುತ್ತದೆ. ಹನಿಹನಿಗೂಡಿದರೆ ಹಳ್ಳ ಎನ್ನುವ ಗಾದೆ ಮೊದಲನೆಯದಕ್ಕೆ ಸಲ್ಲುತ್ತದೆ, ಎರಡನೆಯದಕ್ಕೆ ಸಾಲುವುದಿಲ್ಲ. ಸಮಾನ ಅವಧಿಗೆ ಸಮಾನ ಮೊತ್ತ ಕೂಡುತ್ತಾ ಹೋದರೆ ನಕ್ಷೆ ಸರಳರೇಖೆಯಾಗುತ್ತದೆ. ಸಮಾನ ಅವಧಿಗೆ ಸಮಾನ ಸಂಖ್ಯೆಯಿಂದ ಗುಣಿಸುತ್ತಾ ಹೋದರೆ ಸಿಗುವುದೇ ಘಾತೀಯ ಫಲನ. ಮೇಲಿನ ಸಾಲವನ್ನು 10,000 × 1.03^ಎಕ್ಸ್ ಎಂದು ಬರೆಯಬಹುದು. ಇಲ್ಲಿ ^ ಗುರುತು ಘಾತವನ್ನು ಸೂಚಿಸುತ್ತದೆ, ಎಕ್ಸ್ ಎಂದರೆ ಕಳೆದ ತಿಂಗಳುಗಳು. ಆಧಾರಸಂಖ್ಯೆ ಸ್ಥಿರ, ಘಾತ ಮಾತ್ರ ಬದಲಾಗುವುದು. ಎಕ್ಸ್^2ರಲ್ಲಿ ಇದು ತಿರುವುಮುರುವು: ಆಧಾರಸಂಖ್ಯೆ ಬದಲಾಗುತ್ತದೆ, ಘಾತ ಸ್ಥಿರ. ಎಕ್ಸ್‌ನ ಜಾಗದಲ್ಲಿ 20 ಇಟ್ಟರೆ ಎಕ್ಸ್^2 ಕೊಡುವುದು 400. 2^ಎಕ್ಸ್ ಕೊಡುವುದು 10,48,576.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ವೇಗವಾಗಿ ಏರಿದ್ದೆಲ್ಲವನ್ನೂ ‘ಘಾತೀಯ ಬೆಳವಣಿಗೆ’ ಎಂದು ಕರೆಯುವ ರೂಢಿ ಟಿವಿ ಚರ್ಚೆಗಳಲ್ಲಿ ಬೇರೂರಿದೆ. ವರ್ಷಕ್ಕೆ ಅರ್ಧ ಪ್ರತಿಶತದಂತೆ ತೆವಳುವ ಬೆಳವಣಿಗೆಯೂ ಘಾತೀಯವೇ. ನೋಡಬೇಕಾದ್ದು ಅನುಪಾತ ಸ್ಥಿರವಾಗಿದೆಯೇ ಎಂಬುದನ್ನು. ವೇಗ ಆಮೇಲಿನ ಮಾತು.

ಗ್ರಾಫ್ ಹಾಳೆಯ ಮೇಲೆ

ಎಲ್ಲಕ್ಕಿಂತ ಸುಲಭವಾದ 2^ಎಕ್ಸ್ ಅನ್ನು ತೆಗೆದುಕೊಂಡು ಶಾಲೆಯ ಗ್ರಾಫ್ ಹಾಳೆಯಲ್ಲಿ ಬರೆಯಲು ಕೂತುಕೊಳ್ಳಿ. ಎರಡೂ ಅಕ್ಷಗಳಲ್ಲಿ ಒಂದು ಸೆಂಟಿಮೀಟರ್‌ಗೆ ಒಂದು ಮಾನ. ಎಕ್ಸ್ ಸೊನ್ನೆಯಾದಾಗ ಎತ್ತರ 1 ಸೆಂ.ಮೀ.; 1 ಆದಾಗ 2, 2 ಆದಾಗ 4, 3 ಆದಾಗ 8, 4 ಆದಾಗ 16. 5 ಆದಾಗ 32 ಸೆಂ.ಮೀ. ಬೇಕು, ಹಾಳೆ ಮುಗಿದುಹೋಯಿತು. ಹಾಳೆಗಳನ್ನು ಅಂಟಿಸಿಕೊಂಡು ಮುಂದುವರಿದರೆ ಹತ್ತನೆಯ ಸೆಂಟಿಮೀಟರ್‌ನಲ್ಲಿ ಪೆನ್ಸಿಲ್ 10.24 ಮೀಟರ್ ಎತ್ತರದಲ್ಲಿರಬೇಕು, ಎಂದರೆ ಮೂರು ಅಂತಸ್ತಿನ ಮನೆಯ ಮಟ್ಟ. ಇಪ್ಪತ್ತನೆಯ ಸೆಂಟಿಮೀಟರ್‌ನಲ್ಲಿ ಹತ್ತೂವರೆ ಕಿಲೋಮೀಟರ್, ಎವರೆಸ್ಟಿಗಿಂತ ಮೇಲೆ. ಮೂವತ್ತಾರನೆಯ ಸೆಂಟಿಮೀಟರ್‌ಗೆ ಬರುವಷ್ಟರಲ್ಲಿ ಸುಮಾರು 6,87,000 ಕಿಲೋಮೀಟರ್. ಚಂದ್ರ ಇರುವುದು ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿ. ಇಷ್ಟಾದರೂ ಅಡ್ಡಕ್ಕೆ ನೀವು ಸರಿದಿರುವುದು ಮೊಳಕ್ಕಿಂತ ಕಡಿಮೆ.

ಎಡಗಡೆಯ ಕಥೆಯನ್ನು ಪಠ್ಯಪುಸ್ತಕಗಳು ಒಂದೇ ಸಾಲಿನಲ್ಲಿ ಮುಗಿಸುತ್ತವೆ; ನನಗೆ ಹೆಚ್ಚು ಸೋಜಿಗ ಅನ್ನಿಸುವುದು ಆ ಕಡೆಯೇ. ಎಕ್ಸ್ −1 ಆದಾಗ ಎತ್ತರ ಅರ್ಧ ಸೆಂಟಿಮೀಟರ್, −2ಕ್ಕೆ ಕಾಲು, −3ಕ್ಕೆ ಅರೆಕಾಲು. ಎಡಕ್ಕೆ ಐದು ಸೆಂಟಿಮೀಟರ್ ಹೋಗುವುದರೊಳಗೆ ಗೆರೆ ಮತ್ತು ಅಕ್ಷದ ನಡುವಿನ ಜಾಗ ಪೆನ್ಸಿಲ್ ಗೆರೆಯ ದಪ್ಪಕ್ಕಿಂತ ಕಿರಿದಾಗಿರುತ್ತದೆ. ಹತ್ತನೆಯ ಸೆಂಟಿಮೀಟರ್‌ನಲ್ಲಿ ಅದು ಮಿಲಿಮೀಟರಿನ ನೂರನೇ ಒಂದು ಪಾಲು, ತಲೆಗೂದಲಿಗಿಂತ ಎಷ್ಟೋ ಸಣ್ಣದು. ಕಣ್ಣಿಗೆ ಎರಡೂ ಕೂಡಿಕೊಂಡಂತೆ ಕಾಣುತ್ತವೆ, ಆದರೆ ಎಂದೂ ಕೂಡುವುದಿಲ್ಲ. ಅರ್ಧದ ಅರ್ಧ ಎಷ್ಟೇ ಸಣ್ಣದಾದರೂ ಸೊನ್ನೆಯಾಗುವುದಿಲ್ಲ. ಹೀಗೆ ಹತ್ತಿರ ಸರಿಯುತ್ತಾ ಹೋಗಿಯೂ ಮುಟ್ಟದೆ ಉಳಿಯುವ ರೇಖೆಯನ್ನು ಅನಂತಸ್ಪರ್ಶಕ ಎನ್ನುತ್ತಾರೆ. 2^ಎಕ್ಸ್‌ಗೆ ಅಡ್ಡ ಅಕ್ಷವೇ ಅನಂತಸ್ಪರ್ಶಕ. ಇದನ್ನು ನೆನಪಿಟ್ಟುಕೊಳ್ಳಿ, ಕಾಫಿ ಆರುವ ಲೆಕ್ಕಕ್ಕೆ ಬಂದಾಗ ಬೇಕಾಗುತ್ತದೆ.

ಸರಿಸುವುದು, ಎಳೆಯುವುದು

ಪಿಯುಸಿ ಗಣಿತದಲ್ಲಿ ನಕ್ಷೆಯ ರೂಪಾಂತರಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವುದುಂಟು: ಎಕ್ಸ್‌ಗೆ ಏನಾದರೂ ಕೂಡಿದರೆ ನಕ್ಷೆ ಎಡಕ್ಕೆ ಸರಿಯುತ್ತದೆ, ಕಳೆದರೆ ಬಲಕ್ಕೆ, ಹೊರಗಿನಿಂದ ಗುಣಿಸಿದರೆ ಮೇಲಕ್ಕೆ ಹಿಗ್ಗುತ್ತದೆ, ಹೀಗೆ. ಯಾವ ಫಲನಕ್ಕಾದರೂ ಈ ನಿಯಮಗಳು ಹೊಂದುತ್ತವೆ, ತಪ್ಪೇನಿಲ್ಲ. ಆದರೆ ಘಾತೀಯ ಫಲನಕ್ಕೆ ಬಂದಾಗ ಈ ಪಟ್ಟಿ ಒಂದು ಗುಟ್ಟನ್ನು ಮುಚ್ಚಿಡುತ್ತದೆ.

2^ಎಕ್ಸ್ ನಕ್ಷೆಯನ್ನು ಪಾರದರ್ಶಕ ಹಾಳೆಯ ಮೇಲೆ ಬರೆದುಕೊಳ್ಳಿ. ಕೆಳಗಿನ ಗ್ರಾಫ್ ಹಾಳೆಯಲ್ಲಿ 8 × 2^ಎಕ್ಸ್ ಬರೆಯಿರಿ, ಅಂದರೆ ಪ್ರತಿ ಬಿಂದುವಿನ ಎತ್ತರವನ್ನೂ ಎಂಟು ಪಟ್ಟು ಮಾಡಿ. ಹೊಸ ಗೆರೆ 1ರ ಬದಲು 8ರಲ್ಲಿ ಲಂಬ ಅಕ್ಷವನ್ನು ದಾಟುತ್ತದೆ. ನೋಡಲು ಬೇರೆಯೇ ಗೆರೆ, ಹೆಚ್ಚು ಕಡಿದಾದದ್ದು. ಈಗ ಪಾರದರ್ಶಕ ಹಾಳೆಯನ್ನು ಎಡಕ್ಕೆ ಮೂರು ಸೆಂಟಿಮೀಟರ್ ಸರಿಸಿ. ಎರಡೂ ಗೆರೆಗಳು ಕೂದಲೆಳೆಯಷ್ಟೂ ಅಂತರವಿಲ್ಲದೆ ಒಂದರ ಮೇಲೊಂದು ಕೂರುತ್ತವೆ. ಕಾರಣ ಹೈಸ್ಕೂಲಿನ ಘಾತಾಂಕ ನಿಯಮವೇ: 2^(ಎಕ್ಸ್+3) ಎಂದರೆ 2^ಎಕ್ಸ್ × 2^3, ಅಂದರೆ 8 × 2^ಎಕ್ಸ್. ಎಂಟು ಪಟ್ಟು ಹಿಗ್ಗಿಸುವುದೂ ಮೂರು ಮಾನ ಎಡಕ್ಕೆ ಸರಿಸುವುದೂ ಒಂದೇ ಕ್ರಿಯೆಯ ಎರಡು ಹೆಸರುಗಳು. ಗುಣಕ 8ರಂಥ ಸಲೀಸು ಸಂಖ್ಯೆಯೇ ಆಗಬೇಕಿಲ್ಲ. ಮೂರು ಪಟ್ಟು ಹಿಗ್ಗಿಸುವುದಕ್ಕೆ ಸುಮಾರು 1.585 ಮಾನ ಸರಿಸಿದರೆ ಸರಿಹೋಗುತ್ತದೆ. ಯಾವ ಗುಣಕಕ್ಕೆ ಎಷ್ಟು ಸರಿಸಬೇಕು ಎಂದು ಹೇಳುವ ಲೆಕ್ಕವೇ ಲಘುಗಣಕ, ನಾವು ಲಾಗ್ ಎನ್ನುವುದು.

ಇದು ಎಲ್ಲ ನಕ್ಷೆಗಳಿಗೂ ಇರುವ ಗುಣವಲ್ಲ. ಸರಳರೇಖೆಯನ್ನು ಮೂರು ಪಟ್ಟು ಹಿಗ್ಗಿಸಿದರೆ ಓರೆಯೇ ಬದಲಾಗುತ್ತದೆ, ಎಷ್ಟು ಸರಿಸಿದರೂ ಹಳೆಯ ರೇಖೆ ಅದರ ಮೇಲೆ ಕೂರುವುದಿಲ್ಲ. ಎಕ್ಸ್^2ರ ಪರವಲಯವನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ಅದು ಇಕ್ಕಟ್ಟಾಗುತ್ತದೆ, ಪಕ್ಕಕ್ಕೆ ಸರಿದಂತಾಗುವುದಿಲ್ಲ. ಪಕ್ಕಕ್ಕೆ ಎಷ್ಟೇ ಸರಿಸಿದರೂ ಅದು ಮೂಲದ ಇಷ್ಟು ಪಟ್ಟು ಎಂದು ಒಂದೇ ಸಂಖ್ಯೆಯಲ್ಲಿ ಹೇಳಬಹುದಾದ ಅಖಂಡ ಗೆರೆ ಘಾತೀಯ ಫಲನದ್ದು ಮಾತ್ರ. ಈ ಒಂದು ಗುಣ ಕೈಗೆ ಬಂದರೆ ಉಳಿದ ಉಪಯೋಗಗಳೆಲ್ಲ ತಾವಾಗಿ ಬಿಚ್ಚಿಕೊಳ್ಳುತ್ತವೆ, ಏಕೆಂದರೆ ಬಹುತೇಕ ಸಂದರ್ಭಗಳಲ್ಲಿ ಅಡ್ಡ ಅಕ್ಷ ಕಾಲ, ಲಂಬ ಅಕ್ಷ ಪ್ರಮಾಣ. ಕಾಲದಲ್ಲಿ ಆದ ತಡವನ್ನು ಪ್ರಮಾಣಕ್ಕೂ, ಪ್ರಮಾಣದಲ್ಲಿ ಆದ ಕೊರತೆಯನ್ನು ಕಾಲಕ್ಕೂ ಪರಿವರ್ತಿಸಿಕೊಳ್ಳಬಹುದು.

ವರ್ಷಕ್ಕೆ 8 ಪ್ರತಿಶತ ಚಕ್ರಬಡ್ಡಿಯಲ್ಲಿ ಹಣ ಸುಮಾರು ಒಂಬತ್ತು ವರ್ಷಕ್ಕೆ ದುಪ್ಪಟ್ಟಾಗುತ್ತದೆ. ಅಕ್ಕ 27ನೇ ವಯಸ್ಸಿನಲ್ಲಿ ಒಂದು ಲಕ್ಷ ಇಟ್ಟಳು, ತಮ್ಮ ತನ್ನ 36ನೇ ವಯಸ್ಸಿನಲ್ಲಿ ಇಟ್ಟ ಎನ್ನೋಣ. ಅವರವರ 63ನೇ ವಯಸ್ಸಿಗೆ ಅಕ್ಕನ ಬಳಿ ಸುಮಾರು 16 ಲಕ್ಷ, ತಮ್ಮನ ಬಳಿ 8 ಲಕ್ಷ. ಒಂಬತ್ತು ವರ್ಷ ತಡವಾಗಿ ಒಂದು ಲಕ್ಷ ಇಡುವುದೂ ಮೊದಲೇ ಬರೀ ಐವತ್ತು ಸಾವಿರ ಇಡುವುದೂ ಲೆಕ್ಕದಲ್ಲಿ ಒಂದೇ. ಸಾಂಕ್ರಾಮಿಕ ರೋಗದ ಆರಂಭದ ದಿನಗಳಲ್ಲಿ ಇದೇ ಲೆಕ್ಕ ಕ್ರೂರವಾಗುತ್ತದೆ: ಸೋಂಕಿತರ ಸಂಖ್ಯೆ ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತಿದ್ದರೆ, ಕ್ರಮ ಕೈಗೊಳ್ಳುವುದು ಒಂದು ವಾರ ತಡವಾದಾಗ ಎದುರಿಸಬೇಕಾದ ರೋಗಿಗಳು ಸುಮಾರು ಐದು ಪಟ್ಟು.

ಎಲ್ಲವೂ ಒಂದೇ ಗೆರೆ

ಆಧಾರಸಂಖ್ಯೆ ಬದಲಾದರೆ? 4^ಎಕ್ಸ್ ಎಂದರೆ 2^(2ಎಕ್ಸ್). 2^ಎಕ್ಸ್ ನಕ್ಷೆಯನ್ನೇ ಅಡ್ಡಕ್ಕೆ ಅರ್ಧಕ್ಕೆ ಕುಗ್ಗಿಸಿದ್ದು. 1.03^ಎಕ್ಸ್ ಅದೇ ಗೆರೆಯನ್ನು ಅಡ್ಡಕ್ಕೆ ಸುಮಾರು 23.4 ಪಟ್ಟು ಹಿಗ್ಗಿಸಿದ್ದು, ಏಕೆಂದರೆ ನೂರಕ್ಕೆ ಮೂರರ ಚಕ್ರಬಡ್ಡಿಯಲ್ಲಿ ಸಾಲ ದುಪ್ಪಟ್ಟಾಗಲು ಹಿಡಿಯುವುದು ಅಷ್ಟೇ ತಿಂಗಳು. ಆದ್ದರಿಂದ ಏರುವ ಘಾತೀಯ ನಕ್ಷೆಗಳೆಲ್ಲ ಒಂದೇ ಗೆರೆ, ಗಡಿಯಾರ ಮಾತ್ರ ಬೇರೆ ಬೇರೆ ವೇಗದ್ದು. ಬೇರೆ ಬೇರೆ ಬೆಳವಣಿಗೆಗಳನ್ನು ಹೋಲಿಸುವಾಗ ಶೇಕಡಾ ದರಕ್ಕಿಂತ ದುಪ್ಪಟ್ಟಾಗುವ ಅವಧಿ ಮನಸ್ಸಿಗೆ ಬೇಗ ನಾಟುತ್ತದೆ. ಅದಕ್ಕೆ ಹಳೆಯದೊಂದು ಅಡ್ಡದಾರಿಯಿದೆ: 72ನ್ನು ಬಡ್ಡಿದರದಿಂದ ಭಾಗಿಸಿ. ಇಟಲಿಯ ಲೂಕಾ ಪಾಚೋಲಿ 1494ರಲ್ಲಿ ಅಚ್ಚಾದ ತನ್ನ ಗಣಿತ ಗ್ರಂಥದಲ್ಲೇ ಇದನ್ನು ಹೇಳಿದ್ದಾನೆ. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ 3.5 ಪ್ರತಿಶತ ಎಂದಿದ್ದರೆ 72 ÷ 3.5, ಅಂದರೆ ಇಪ್ಪತ್ತು ತಿಂಗಳ ಆಸುಪಾಸು. ಕರಾರುವಾಕ್ಕಾದ ಲೆಕ್ಕಕ್ಕೆ 72ರ ಜಾಗದಲ್ಲಿ 69.3ಕ್ಕೆ ಹತ್ತಿರದ ಸಂಖ್ಯೆ ಇರಬೇಕು; ಆದರೆ 72 ಎರಡು, ಮೂರು, ನಾಲ್ಕು, ಆರು, ಎಂಟು, ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಬಾಯಿಲೆಕ್ಕಕ್ಕೆ ಅದೇ ಅನುಕೂಲ.

ಗಣಿತಜ್ಞರು ಇಷ್ಟಪಡುವ ಆಧಾರಸಂಖ್ಯೆ ‘ಇ’, ಸುಮಾರು 2.71828. ಇದು ಹುಟ್ಟಿದ್ದೂ ಬಡ್ಡಿಯ ಲೆಕ್ಕದಿಂದಲೇ. 1683ರಲ್ಲಿ ಸ್ವಿಟ್ಜರ್ಲೆಂಡಿನ ಜೇಕಬ್ ಬರ್ನೂಲಿ ಕೇಳಿಕೊಂಡ ಪ್ರಶ್ನೆಯನ್ನು ನಮ್ಮ ನಾಣ್ಯದಲ್ಲಿ ಹೇಳುವುದಾದರೆ ಹೀಗೆ: ವರ್ಷಕ್ಕೆ ನೂರಕ್ಕೆ ನೂರು ಬಡ್ಡಿಯಿದ್ದರೆ ಒಂದು ರೂಪಾಯಿ ಎರಡಾಗುತ್ತದೆ, ಆ ಬಡ್ಡಿಯನ್ನು ಆರು ತಿಂಗಳಿಗೊಮ್ಮೆ ಅಸಲಿಗೆ ಸೇರಿಸಿದರೆ 2.25, ತಿಂಗಳಿಗೊಮ್ಮೆ ಸೇರಿಸಿದರೆ 2.61, ದಿನಕ್ಕೊಮ್ಮೆ ಸೇರಿಸಿದರೆ 2.71. ಕ್ಷಣಕ್ಷಣಕ್ಕೂ ಸೇರಿಸಿದರೆ? ದುರಾಸೆಗೂ ಒಂದು ಮಿತಿ ಇದೆ, ಅದು ‘ಇ’. ಈ ಆಧಾರದ ನಕ್ಷೆಯಲ್ಲಿ ಯಾವ ಬಿಂದುವಿನಲ್ಲಿ ನೋಡಿದರೂ ಗೆರೆಯ ಓರೆ ಅಲ್ಲಿನ ಎತ್ತರಕ್ಕೆ ಸಮ. ಕಲನಶಾಸ್ತ್ರ ಕಲಿಯುವವರಿಗೆ ಅದು ವರದಾನ. ಮಿಕ್ಕವರು 2ರಲ್ಲೇ ಇದ್ದರೂ ಏನೂ ಕಳೆದುಕೊಳ್ಳುವುದಿಲ್ಲ.

ಮಗುಚಿದಾಗ

ಎಕ್ಸ್‌ನ ಚಿಹ್ನೆ ಬದಲಿಸಿ, 2^(−ಎಕ್ಸ್). ಲಂಬ ಅಕ್ಷದಲ್ಲಿ ಕನ್ನಡಿ ಹಿಡಿದಂತೆ ನಕ್ಷೆ ಎಡಬಲ ಮಗುಚುತ್ತದೆ. ಈಗ ಪ್ರತಿ ಹೆಜ್ಜೆಗೂ ಅರ್ಧ ಉಳಿಯುತ್ತದೆ. ಬೆಳವಣಿಗೆ ಇದ್ದಲ್ಲಿ ಕ್ಷಯ. ವಿಕಿರಣಶೀಲ ವಸ್ತುಗಳು ಹೀಗೆಯೇ ಕರಗುವುದು, ಅರ್ಧವಾಗಲು ಬೇಕಾದ ಕಾಲವೇ ಅರ್ಧಾಯುಷ್ಯ.

ಕ್ಯಾನ್ಸರ್ ಪತ್ತೆಗೆ ಮಾಡುವ ಪೆಟ್ ಸ್ಕ್ಯಾನ್‌ನಲ್ಲಿ ಫ್ಲೋರಿನ್-18 ಸೇರಿಸಿದ ಸಕ್ಕರೆಯಂಥ ದ್ರಾವಣವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಇದರ ಅರ್ಧಾಯುಷ್ಯ ಸುಮಾರು 110 ನಿಮಿಷ. ಸೈಕ್ಲೋಟ್ರಾನ್ ಯಂತ್ರವಿರುವ ಊರಿನಲ್ಲಿ ತಯಾರಾಗಿ ಆಸ್ಪತ್ರೆಗಳಿಗೆ ಹೊರಡುವ ಈ ಔಷಧಿಯನ್ನು ಕೂಡಿಡುವ ಹಾಗಿಲ್ಲ. ಮೂರು ಗಂಟೆ ನಲವತ್ತು ನಿಮಿಷದ ದಾರಿಯಾದರೆ ಬೇಕಾದ್ದಕ್ಕಿಂತ ನಾಲ್ಕು ಪಟ್ಟು ತುಂಬಿ ಕಳುಹಿಸಬೇಕು. ಐದೂವರೆ ಗಂಟೆಯದಾದರೆ ಎಂಟು ಪಟ್ಟು. ಸರಿಸುವುದೂ ಗುಣಿಸುವುದೂ ಒಂದೇ ಎಂಬ ನಿಯಮವನ್ನು ಅಲ್ಲಿನ ಸಿಬ್ಬಂದಿ ಬೆಳಗಿನಿಂದ ಸಂಜೆಯವರೆಗೆ ಬಳಸುತ್ತಲೇ ಇರುತ್ತಾರೆ, ಗ್ರಾಫ್ ಹಾಳೆಯಿಲ್ಲದೆ. ದಾರಿಯಲ್ಲಿ ಟ್ರಾಫಿಕ್ ಸಿಕ್ಕಿದರೆ ಪ್ರಮಾಣ ಕಡಿಮೆಯಾಗುತ್ತದೆ, ಎಷ್ಟು ಕಡಿಮೆ ಎಂಬುದು ಗಡಿಯಾರ ನೋಡಿದರೆ ಗೊತ್ತಾಗುತ್ತದೆ.

ಪುರಾತತ್ವದವರು ಇದೇ ಲೆಕ್ಕವನ್ನು ತಿರುಗಿಸಿ ಹಾಕುತ್ತಾರೆ: ಉಳಿದ ಪ್ರಮಾಣ ನೋಡಿ ಕಳೆದ ಕಾಲ ಹೇಳುತ್ತಾರೆ. ಜೀವಿ ಬದುಕಿರುವಾಗ ಅದರೊಳಗೆ ಕಾರ್ಬನ್-14 ಒಂದು ಮಟ್ಟದಲ್ಲಿರುತ್ತದೆ. ಸತ್ತ ಮೇಲೆ ಹೊಸದು ಸೇರುವುದಿಲ್ಲ, ಇದ್ದದ್ದು 5,730 ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಈ ವಿಧಾನಕ್ಕಾಗಿ ವಿಲಾರ್ಡ್ ಲಿಬ್ಬಿಗೆ 1960ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಬಳ್ಳಾರಿ ಸೀಮೆಯ ಬೂದಿದಿಬ್ಬಗಳು ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ದನ ಸಾಕಿಕೊಂಡಿದ್ದ ನವಶಿಲಾಯುಗದ ಜನ ಸುಟ್ಟ ಸಗಣಿ ರಾಶಿಗಳು ಎನ್ನುವುದಕ್ಕೆ ಇಂಥ ಕಾಲನಿರ್ಣಯಗಳ ಬೆಂಬಲವಿದೆ. ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಉಳಿದ ಕಾರ್ಬನ್-14ರ ಅಳತೆಯಲ್ಲಿ ನೂರಕ್ಕೆ ಒಂದರಷ್ಟು ತಪ್ಪಾದರೆ ಕಾಲದಲ್ಲಿ ಸುಮಾರು 80 ವರ್ಷದ ತಪ್ಪಾಗುತ್ತದೆ, ವಸ್ತು ಸಾವಿರ ವರ್ಷ ಹಳೆಯದಾಗಿರಲಿ, ಮೂವತ್ತು ಸಾವಿರ ವರ್ಷ ಹಳೆಯದಾಗಿರಲಿ. ಗುಣಾಕಾರದ ತಪ್ಪು ಎಂದರೆ ನಕ್ಷೆಯನ್ನು ಪಕ್ಕಕ್ಕೆ ಸರಿಸುವ ತಪ್ಪು. ಸರಿಯುವ ದೂರ ಎಲ್ಲ ಕಡೆಯೂ ಒಂದೇ.

ಮೇಲಕ್ಕೆ ಎತ್ತಿದಾಗ ಆಗುವ ಎಡವಟ್ಟು

ಇಲ್ಲಿಯವರೆಗೆ ನೋಡಿದ ರೂಪಾಂತರಗಳು ಯಾವುವೂ ನಕ್ಷೆಯ ಜಾತಿ ಕೆಡಿಸಲಿಲ್ಲ. ಸರಿಸಿ, ಹಿಗ್ಗಿಸಿ, ಕುಗ್ಗಿಸಿ, ಎಡಬಲ ಮಗುಚಿ, ಸಮಾನ ಅವಧಿಗೆ ಸಮಾನ ಅನುಪಾತ ಎಂಬ ಗುಣ ಉಳಿದೇ ಇರುತ್ತದೆ. ಇಡೀ ನಕ್ಷೆಯನ್ನು ಮೇಲಕ್ಕೆತ್ತಿದಾಗ, ಎಂದರೆ ಹೊರಗಿನಿಂದ ಒಂದು ಸಂಖ್ಯೆಯನ್ನು ಕೂಡಿದಾಗ ಮಾತ್ರ, ಆ ಗುಣ ಹೋಗುತ್ತದೆ. ಅನಂತಸ್ಪರ್ಶಕವೂ ಮೇಲೇಳುತ್ತದೆ.

ಲೋಟದಲ್ಲಿ 85 ಡಿಗ್ರಿ ಬಿಸಿಯ ಕಾಫಿ ಇದೆ, ಕೋಣೆ 25 ಡಿಗ್ರಿ. ಕಾಲು ಗಂಟೆಗೆ 55, ಅರ್ಧ ಗಂಟೆಗೆ 40, ಮುಕ್ಕಾಲು ಗಂಟೆಗೆ 32.5 ಡಿಗ್ರಿ ಎಂದು ಥರ್ಮಾಮೀಟರ್ ತೋರಿಸಿತು ಎಂದಿಟ್ಟುಕೊಳ್ಳಿ. ಅನುಪಾತ ತೆಗೆದರೆ 0.65, 0.73, 0.81. ಒಂದಕ್ಕೊಂದು ತಾಳೆಯಾಗುವುದಿಲ್ಲ. ಇದು ಘಾತೀಯವಲ್ಲ ಎಂದು ಕೈಬಿಡುವ ಮುನ್ನ ಪ್ರತಿಯೊಂದರಿಂದಲೂ 25 ಕಳೆಯಿರಿ: 60, 30, 15, 7.5. ಅಚ್ಚುಕಟ್ಟಾಗಿ ಅರ್ಧ, ಅರ್ಧ, ಅರ್ಧ. ಕಾಫಿ ಸೊನ್ನೆ ಡಿಗ್ರಿಯ ಕಡೆಗೆ ಆರುವುದಿಲ್ಲ, ಕೋಣೆಯ ಬಿಸಿಯ ಕಡೆಗೆ ಆರುತ್ತದೆ. ಅರ್ಧವಾಗುವುದು ಆ ಎರಡರ ಅಂತರ. 1701ರಲ್ಲಿ ಹೆಸರಿಲ್ಲದೆ ಪ್ರಕಟವಾದ ಲೇಖನದಲ್ಲಿ ನ್ಯೂಟನ್ ಮುಂದಿಟ್ಟ ನಿಯಮ ಇದು. ನಿಜವಾದ ಕಾಫಿಯಲ್ಲಿ ಆವಿಯೂ ಹೋಗುವುದರಿಂದ ಮೊದಲ ಕೆಲವು ನಿಮಿಷ ನಿಯಮಕ್ಕಿಂತ ಬೇಗ ಆರುತ್ತದೆ, ಆಮೇಲೆ ಹಾದಿಗೆ ಬರುತ್ತದೆ. ಅಂಕಿಅಂಶ ಕೈಗೆ ಬಂದಾಗ ನೆಲ, ಅಂದರೆ ಅನಂತಸ್ಪರ್ಶಕ, ಎಲ್ಲಿದೆ ಎಂದು ಮೊದಲು ಹುಡುಕದವರು ಘಾತೀಯ ಸಂಬಂಧವನ್ನು ಕಣ್ಣೆದುರೇ ಕಳೆದುಕೊಳ್ಳುತ್ತಾರೆ.

ಕಾರ್ಬನ್ ಕಾಲನಿರ್ಣಯದಲ್ಲಿ ಈ ಎಡವಟ್ಟು ಎಷ್ಟು ದುಬಾರಿ ಎನ್ನುವುದನ್ನು ಲೆಕ್ಕ ಹಾಕಿಯೇ ನೋಡಬೇಕು. ಹಳೆಯ ಇದ್ದಿಲಿನ ಮಾದರಿಯಲ್ಲಿ ಈಚಿನ ಬೇರಿನ ಎಳೆಯೋ ಕೈ ಬೆವರೋ ಸೇರಿ ಅದರ ಕಾರ್ಬನ್ನಿನಲ್ಲಿ ನೂರನೇ ಒಂದು ಪಾಲು ಹೊಸದಾಯಿತು ಎನ್ನೋಣ. ಇದು ಗುಣಿಸುವ ತಪ್ಪಲ್ಲ, ಕೂಡುವ ತಪ್ಪು. ನಿಜವಾದ ವಯಸ್ಸು 5,730 ವರ್ಷವಾಗಿದ್ದರೆ ಉಳಿದಿರಬೇಕಾದ 50 ಪ್ರತಿಶತ 50.5 ಆಗಿ ಕಾಣುತ್ತದೆ, ವಯಸ್ಸು ಎಂಬತ್ತು ವರ್ಷ ಕಡಿಮೆ ಬರುತ್ತದೆ, ಚಿಂತೆಯಿಲ್ಲ. ನಿಜವಾದ ವಯಸ್ಸು 50,000 ವರ್ಷವಾಗಿದ್ದರೆ ಉಳಿದಿರಬೇಕಾದ್ದು 0.24 ಪ್ರತಿಶತ ಮಾತ್ರ. ಅದಕ್ಕೆ ಒಂದು ಪ್ರತಿಶತ ಹೊಸತು ಬೆರೆತಾಗ ಅಳತೆ ಸುಮಾರು 1.23 ಎನ್ನುತ್ತದೆ, ವಯಸ್ಸು 36,000 ವರ್ಷದ ಆಸುಪಾಸಿಗೆ ಇಳಿಯುತ್ತದೆ. ಹದಿನಾಲ್ಕು ಸಾವಿರ ವರ್ಷ ಒಂದು ಬೇರಿನ ಎಳೆಯಲ್ಲಿ ಮಾಯ! ನೆಲಕ್ಕೆ ತೀರಾ ಹತ್ತಿರ ಬಂದ ಗೆರೆಗೆ ನೆಲ ತುಸು ಎತ್ತರವಾದರೂ ಅದೇ ದೊಡ್ಡದು. ಪ್ರಯೋಗಾಲಯಗಳು ಮಾದರಿಯನ್ನು ಆಮ್ಲದಲ್ಲೂ ಕ್ಷಾರದಲ್ಲೂ ತೊಳೆದು ಶುದ್ಧಿ ಮಾಡುವುದು ಇದಕ್ಕೇ.

ಎಲ್ಲ ರೂಪಾಂತರಗಳನ್ನೂ ಒಂದೇ ಕಡೆ ನೋಡಬೇಕೆಂದರೆ ಮೀನಿನ ಬೆಳವಣಿಗೆಯನ್ನು ನೋಡಬಹುದು. ನಮ್ಮ ಕರಾವಳಿಯ ಬೂತಾಯಿ, ಬಂಗುಡೆ ಮೀನುಗಳ ಅಧ್ಯಯನದಲ್ಲಿ ವಿಜ್ಞಾನಿಗಳು ಬಳಸುವ ಸೂತ್ರ ಆಸ್ಟ್ರಿಯಾದ ಜೀವವಿಜ್ಞಾನಿ ಲುಡ್ವಿಗ್ ಫಾನ್ ಬರ್ಟಲಾನ್ಫಿಯದು, 1938ರದ್ದು. ಅದರ ತಿರುಳು ಹೀಗಿದೆ: ಮೀನಿಗೆ ಒಂದು ಗರಿಷ್ಠ ಉದ್ದವಿದೆ, ಅದನ್ನು ಮುಟ್ಟಲು ಉಳಿದಿರುವ ಅಂತರ ಸಮಾನ ಅವಧಿಗೆ ಸಮಾನ ಅನುಪಾತದಲ್ಲಿ ಕರಗುತ್ತದೆ. ಗರಿಷ್ಠ ಉದ್ದ 24 ಸೆಂ.ಮೀ., ಅಂತರ ಆರು ತಿಂಗಳಿಗೊಮ್ಮೆ ಅರ್ಧವಾಗುತ್ತದೆ ಎಂದಿಟ್ಟುಕೊಂಡರೆ, ಆರು ತಿಂಗಳಿಗೆ 12, ವರ್ಷಕ್ಕೆ 18, ಒಂದೂವರೆ ವರ್ಷಕ್ಕೆ 21. ಇಲ್ಲಿ ಕ್ಷಯದ ನಕ್ಷೆಯನ್ನು ಮೇಲುಕೆಳಗು ಮಗುಚಿ, 24 ಪಟ್ಟು ಹಿಗ್ಗಿಸಿ, 24 ಮಾನ ಮೇಲಕ್ಕೆತ್ತಿದ್ದೇವೆ. ಅನಂತಸ್ಪರ್ಶಕ ನೆಲದಿಂದ ಚಾವಣಿಗೆ ಹೋಗಿದೆ. ಸೂತ್ರದಲ್ಲಿ ಪಕ್ಕಕ್ಕೆ ಸರಿಸುವ ಒಂದು ಸಂಖ್ಯೆಯೂ ಇದೆ, ಮೀನಿನ ಉದ್ದ ಸೊನ್ನೆಯಾಗಿರಬೇಕಾದ ಕಾಲ್ಪನಿಕ ವಯಸ್ಸು ಅದು. ಅದು ಎಷ್ಟೋ ಸಲ ಋಣಸಂಖ್ಯೆಯಾಗಿ ಬಂದು, ಹುಟ್ಟುವ ಮುಂಚೆಯೇ ವಯಸ್ಸು ಹೇಗೆ ಎಂದು ವಿದ್ಯಾರ್ಥಿಗಳನ್ನು ಕಕ್ಕಾಬಿಕ್ಕಿ ಮಾಡುತ್ತದೆ. ಸರಿಸುವುದೆಂದರೆ ಗುಣಿಸುವುದೇ ಎಂದು ಗೊತ್ತಿದ್ದವರಿಗೆ ಗೊಂದಲವಿಲ್ಲ: ಮೊಟ್ಟೆಯೊಡೆದು ಬಂದಾಗಲೇ ಮರಿಗೆ ಒಂದಿಷ್ಟು ಉದ್ದವಿತ್ತು ಎಂಬುದನ್ನೇ ಆ ಸಂಖ್ಯೆ ಕಾಲದ ಭಾಷೆಯಲ್ಲಿ ಹೇಳುತ್ತಿದೆ.

ಲಂಬ ಅಕ್ಷದಲ್ಲಿ 1, 10, 100, 1000 ಎಂದು ಸಮಾನ ಅಂತರದಲ್ಲಿ ಗುರುತು ಹಾಕಿದ ಲಾಗ್ ಹಾಳೆಯ ಮೇಲೆ ಘಾತೀಯ ಗೆರೆ ಸರಳರೇಖೆಯಾಗಿಬಿಡುತ್ತದೆ. ಮೈಕ್ರೋಚಿಪ್‌ಗಳ ಕಥೆಯನ್ನು ಹೀಗೆಯೇ ಬರೆಯುತ್ತಾರೆ. ಚಿಪ್‌ನ ಬಿಡಿಭಾಗಗಳು ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತವೆ ಎಂದು 1965ರಲ್ಲಿ ಹೇಳಿದ್ದ ಗಾರ್ಡನ್ ಮೂರ್ 1975ರಲ್ಲಿ ಅದನ್ನು ಎರಡು ವರ್ಷಕ್ಕೆ ತಿದ್ದಿದರು. 1971ರ ಇಂಟೆಲ್ 4004 ಚಿಪ್‌ನಲ್ಲಿ 2,300 ಟ್ರಾನ್ಸಿಸ್ಟರ್‌ಗಳಿದ್ದವು. ಐವತ್ತು ವರ್ಷವೆಂದರೆ 25 ಸಲ ದುಪ್ಪಟ್ಟು, ಲೆಕ್ಕ ಸುಮಾರು 7,700 ಕೋಟಿಗೆ ಬರುತ್ತದೆ. 2021ರಲ್ಲಿ ಬಂದ ಆಪಲ್ ಎಂ1 ಮ್ಯಾಕ್ಸ್ ಚಿಪ್‌ನಲ್ಲಿ ಇದ್ದದ್ದು 5,700 ಕೋಟಿ. ಎರಡು ಸಾವಿರ ಕೋಟಿಯ ಕೊರತೆ ಎಂದರೆ ದೊಡ್ಡ ತಪ್ಪಿನಂತೆ ಕೇಳಿಸುತ್ತದೆ; ನಕ್ಷೆಯಲ್ಲಿ ಅದು ಬಲಕ್ಕೆ ಹತ್ತು ತಿಂಗಳು ಸರಿದದ್ದು ಅಷ್ಟೇ.

ಯಾವ ಬೆಳವಣಿಗೆಯೂ ಹೀಗೆ ಕೊನೆಯಿಲ್ಲದೆ ಹೋಗಲಾರದು. ಬೆಲ್ಜಿಯಂನ ಪಿಯೆರ್ ವೆರ್ಹಲ್ಸ್ಟ್ 1838ರಲ್ಲಿ ಜನಸಂಖ್ಯೆಗೆ ಚಾವಣಿಯುಳ್ಳ ಸೂತ್ರವೊಂದನ್ನು ಕೊಟ್ಟ. ಅದರ ಪ್ರಕಾರ ಸಂಖ್ಯೆ ಚಾವಣಿಯ ಎಷ್ಟು ಪ್ರತಿಶತ ಮುಟ್ಟಿದೆಯೋ ಬೆಳವಣಿಗೆಯ ದರ ಅಷ್ಟೇ ಪ್ರತಿಶತ ತಗ್ಗುತ್ತದೆ. ನೂರರಲ್ಲಿ ಒಂದು ಪಾಲು ತುಂಬಿದಾಗ ದರದಲ್ಲಿ ಆಗುವ ಇಳಿಕೆ ನೂರರಲ್ಲಿ ಒಂದು, ಎಂಥ ಅಂಕಿಅಂಶಕ್ಕೂ ಅದು ಸಿಕ್ಕಿಬೀಳದು. ಆರಂಭದ ಅಂಕಿಗಳನ್ನು ಮಾತ್ರ ನೋಡಿ ಚಾವಣಿ ಎಲ್ಲಿದೆ ಎಂದು ಹೇಳುವುದು ಆಗದ ಮಾತು, ಯಾರು ಎಷ್ಟೇ ಧೈರ್ಯದಿಂದ ಹೇಳಲಿ. ಅರ್ಧ ತುಂಬಿದಾಗ ದರವೂ ಅರ್ಧವಾಗಿರುತ್ತದೆ, ಅಲ್ಲಿಂದಾಚೆ ಗೆರೆ ಬಾಗತೊಡಗುತ್ತದೆ. ಈ ಗೆರೆಯ ಕೆಳತುದಿ 2^ಎಕ್ಸ್‌ನಂತೆಯೇ ಏರಿದರೆ, ಮೇಲ್ತುದಿಯಲ್ಲಿ ಚಾವಣಿಗೆ ಉಳಿದ ಅಂತರ ಅದೇ ವೇಗದಲ್ಲಿ 2^(−ಎಕ್ಸ್)ನಂತೆ ಕರಗುತ್ತದೆ. ನಡುಬಿಂದುವನ್ನು ಹಿಡಿದು ಹಾಳೆಯನ್ನು ಅರ್ಧ ಸುತ್ತು ತಿರುಗಿಸಿದರೆ ಒಂದು ತುದಿ ಇನ್ನೊಂದರ ಮೇಲೆ ಸರಿಯಾಗಿ ಬಂದು ಕೂರುತ್ತದೆ.